ಕಚೇರಿಯ ಕಂಪ್ಯೂಟರಿನಲ್ಲಿ ನೀನು ತೆರೆದ ದಾರಿ

ಹಿರಿ ಸೊಸೆಗೆ,

ಈ ಲಾಂಡ್ರಿಯ ಯಜಮಾನಿ ನಾನು. ಮೂವತ್ತೊಂದು ವರ್ಷದಿಂದ ಹದಿನಾಲ್ಕು ಜನ ನನ್ನ ಮಾತಿಗೆ ಎದ್ದು, ನನ್ನ ಮಾತಿಗೆ ಕೂತಿದ್ದಾರೆ. ಓದಿದ್ದು ಹೈಸ್ಕೂಲಿನವರೆಗೆ. ಈವರೆಗೆ ಯಾರಿಗೂ ತಪ್ಪಾಯಿತು ಎಂದು ಬರೆದವಳಲ್ಲ. ಇವತ್ತು ಬರೆಯುತ್ತಿದ್ದೇನೆ. ಕೈ ಸೋತಿದೆ, ಅಕ್ಷರ ನೆಟ್ಟಗಿಲ್ಲದಿದ್ದರೆ ಸಹಿಸಿಕೊ.

ನನ್ನ ತಮ್ಮನ ಮಗ, ನಮ್ಮ ವ್ಯಾನಿನ ಡ್ರೈವರು, ಅವತ್ತು ಮಧ್ಯಾಹ್ನ ಒಗೆಯುವ ಮೆಷಿನ್ನಿನ ಪಕ್ಕ ನಿಂತು ಕಿವಿಯಲ್ಲಿ ಹೇಳಿದ. "ಅತ್ತೆ, ನಿಮ್ ಸೊಸೆ ಆಫೀಸ್ ಕಂಪ್ಯೂಟರಲ್ಲಿ ಡಾರ್ಕ್ ವೆಬ್ ನೋಡ್ತಾಳೆ. ಅಲ್ಲಿರೋರೆಲ್ಲ ಕೊಲೆಗಾರರು, ಮಾದಕ ವಸ್ತು ಮಾರೋರು. ಒಂದ್ಸಲ ಒಳಗೆ ಹೋದ್ರೆ ಸಾಕು, ಪೊಲೀಸರು ಮನೆಗೇ ಬರ್ತಾರೆ." ಕಚೇರಿಗೆ ಇಂಟರ್ನೆಟ್ ಹಾಕಿಸಿದವನು ಅವನೇ. ಯಾರು ಏನು ತೆರೆದರು ಎಂದು ತನ್ನ ಫೋನಿನಲ್ಲೇ ನೋಡುವಷ್ಟು ಜಾಣ. ನಾನು ನಂಬಿದೆ.

ನಂಬಲು ನನ್ನ ಕಸುಬೂ ಕಾರಣ. ಬಂದ ಪ್ರತಿ ಬಟ್ಟೆಯ ಅಂಚಿಗೂ ಗಿರಾಕಿಯ ಗುರುತು ಹೊಲಿಯದೆ ನಾವು ನೀರಿಗೆ ಹಾಕುವುದಿಲ್ಲ. ಗುರುತಿಲ್ಲದ್ದು ಸಿಕ್ಕರೆ ಕದ್ದ ಮಾಲೆಂದೇ ಎಣಿಸಿ ಬೇರೆ ಬುಟ್ಟಿಗೆ ಎಸೆಯುತ್ತೇವೆ. ಹೆಸರು ಮುಚ್ಚಿಡುವ ಮನುಷ್ಯರನ್ನೂ ಅದೇ ಬುಟ್ಟಿಗೆ ಹಾಕಿದೆ.

ಎಲ್ಲರೆದುರು ನಿನ್ನನ್ನು ನಿಲ್ಲಿಸಿ ಕೇಳಿದೆ. ನೀನು ತಡವರಿಸಲಿಲ್ಲ. "ಅತ್ತೆ, ಅದು ಬರೀ ಒಂದು ದಾರಿ. ತಾವು ಏನ್ ಓದ್ತಿದೀವಿ ಅಂತ ಪಕ್ಕದೋರಿಗೆ ತಿಳೀಬಾರ್ದು ಅನ್ನೋರು ಆ ದಾರಿ ಹಿಡೀತಾರೆ. ಕೆಟ್ಟೋರೂ ಓಡಾಡ್ತಾರೆ, ಕಷ್ಟದಲ್ಲಿರೋರೂ ಓಡಾಡ್ತಾರೆ." ಯಾರಿಗೋಸ್ಕರ ಇದೆಲ್ಲ ಎಂದು ನಾನು ಕೇಳಿದೆ. "ಅದೊಂದು ಕೇಳ್ಬೇಡಿ" ಎಂದೆ ನೀನು. "ಮುಸುಕು ಬೇಕಾಗೋದು ಕಳ್ಳರಿಗೆ. ನಡಿ ಆಚೆ" ಎಂದುಬಿಟ್ಟೆ ನಾನು. ನೀನು ನನ್ನ ಮಗನನ್ನೂ ಕರೆದುಕೊಂಡು ಬಾಡಿಗೆ ಮನೆಗೆ ಹೋದೆ.

ಅದಾಗಿ ಮೂರನೆಯ ವಾರ ತಮ್ಮನ ಮಗನ ಹೆಂಡತಿ, ನಮ್ಮ ಇಸ್ತ್ರಿ ಮೇಜಿನವಳು, ಕೆಲಸಕ್ಕೆ ಬರಲಿಲ್ಲ. ಮನೆಯಲ್ಲೂ ಇರಲಿಲ್ಲ. ಅವನು ಬಂದು ಮೇಜು ಗುದ್ದಿದ. "ದಿನಾ ಅವಳ ಫೋನ್ ನೋಡ್ತಿದ್ದೆ ಅತ್ತೆ, ಒಂದು ಸುಳಿವೂ ಇರ್ಲಿಲ್ಲ. ಇಬ್ರೂ ಸೇರಿ ಆ ಕಂಪ್ಯೂಟರಲ್ಲೇ ಏನೋ ಮಸಲತ್ತು ಮಾಡಿದಾರೆ." ಆಗ ನನಗೆ ಹೊಳೆಯಿತು. ಮನೆಯಲ್ಲಿ ಹೆಂಡತಿಯ ಫೋನು, ಇಲ್ಲಿ ನಮ್ಮ ಕಂಪ್ಯೂಟರು, ಎಲ್ಲದರ ಮೇಲೂ ಇವನ ಕಣ್ಣಿತ್ತು. ಆ ಕಣ್ಣಿಗೆ ಬೀಳದೇ ಹೋದದ್ದು ನೀನು ತೆರೆದುಕೊಟ್ಟ ದಾರಿಯಲ್ಲಿ ಸಾಗಿದ ಮಾತೊಂದೇ.

ಆಮೇಲೆ ಅವಳ ಕಡೆಯ ವಕೀಲರಮ್ಮ ಬಂದು ಬಿಡಿಸಿ ಹೇಳಿದರು. ಊಟದ ಬಿಡುವಿನಲ್ಲಿ ನೀನು ಅವಳನ್ನು ಕಂಪ್ಯೂಟರಿನ ಮುಂದೆ ನಿನ್ನ ಕುರ್ಚಿಯಲ್ಲಿ ಕೂರಿಸುತ್ತಿದ್ದೆಯಂತೆ. ಹೆಂಗಸರ ಆಶ್ರಯದ ಮನೆಯವರಿಗೆ ಅವಳು ಬರೆದದ್ದು ಅಲ್ಲಿಂದ. "ಆ ಜಾಲ ಬಳಸೋದೇ ಅಪರಾಧ ಅಂದ್ಕೊಂಡಿದ್ರಾ ಅಮ್ಮ? ನಮ್ಮ ಕಾನೂನಲ್ಲಿ ಹಾಗಿಲ್ಲ. ಹಾಗಂತ ಅದು ಮಾಯಮಂತ್ರಾನೂ ಅಲ್ಲ. ಬಳಸ್ತಿದಾರೆ ಅನ್ನೋದು ನಿಮ್ಮ ಹುಡುಗನಿಗೆ ಕಾಣ್ತು, ಏನು ಬರೆದ್ರು ಅನ್ನೋದು ಕಾಣ್ಲಿಲ್ಲ, ಅಷ್ಟೇ" ಎಂದರು.

ನನಗೆ ಜಾಲಗೀಲ ತಿಳಿಯದು ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕಳೆದ ಬೇಸಿಗೆಯಲ್ಲಿ ತಮ್ಮನ ಸೊಸೆ ಬಗ್ಗಿದಾಗ ಹೆಗಲ ಹಿಂದೆ ಇಸ್ತ್ರಿಪೆಟ್ಟಿಗೆಯ ಮೂತಿಯಾಕಾರದ ಸುಟ್ಟ ಗಾಯ ಕಂಡಿದ್ದೆ. "ಕೆಲಸ ಮಾಡುವಾಗ ತಗುಲ್ತು" ಎಂದಳು. ಇಸ್ತ್ರಿ ಮಾಡುವವರಿಗೆ ಸುಡುವುದು ಮುಂಗೈ. ಬೆನ್ನು ಸುಡಬೇಕಾದರೆ ಪೆಟ್ಟಿಗೆ ಇನ್ನೊಬ್ಬರ ಕೈಯಲ್ಲಿರಬೇಕು. ಇದು ನನಗೆ ತಿಳಿಯದೆ ಇರುತ್ತದೆಯೇ? ಮನೆತನದ ಮಾನ ಎಂದುಕೊಂಡು ಅವಳಿಗೆ ಮುಲಾಮು ಕೊಟ್ಟು ಸುಮ್ಮನಾದೆ. ಅವಳು ನನ್ನ ಹತ್ತಿರ ಬಾರದೆ ನಿನ್ನ ಹತ್ತಿರ ಏಕೆ ಬಂದಳು ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಕೆಲಸದವರೆಲ್ಲರಿಗೂ ತಪ್ಪು ನನ್ನದು ಎಂದು ಹೇಳಿದ್ದೇನೆ. ವ್ಯಾನಿಗೆ ಬೇರೆ ಡ್ರೈವರು ಬಂದಿದ್ದಾನೆ. ನೀನು ಹಿಂತಿರುಗು ಎಂದು ಕರೆಯುತ್ತಿಲ್ಲ, ಆ ಹಕ್ಕು ನನಗೀಗ ಇಲ್ಲ. ಬಂದರೆ ಬೇಡವೆನ್ನುವವರೂ ಇಲ್ಲ.

ನಿನ್ನೆ ಬೆಳಿಗ್ಗೆ ಠಾಣೆಗೆ ಹೋದೆ. ಕಂಡದ್ದನ್ನೂ, ಕಂಡು ಸುಮ್ಮನಿದ್ದದ್ದನ್ನೂ ಹೇಳಿಕೆಯಾಗಿ ಬರೆಸಿದೆ. ಹೊರಗೆ ಮೆಟ್ಟಿಲ ಮೇಲೆ ತಮ್ಮ ಕಾಯುತ್ತಿದ್ದ. "ಅಕ್ಕಾ, ನೀನೇ ಎತ್ತಿ ಆಡಿಸಿದ ಮಗು ಅದು" ಎಂದ. ಹೌದು ಎಂದೆ. ಆಗಲೇ ಸಹಿ ಹಾಕಿಯಾಗಿತ್ತು.

ನೀವಿಬ್ಬರೂ ನೆಮ್ಮದಿಯಾಗಿರಿ ಎಂದು ಹರಸುವ,
ನಿನ್ನ ಅತ್ತೆ