ಸೊನ್ನೆ ಹಾಕಿದವಳು ಬಾಗಿಲಿಗೆ ಬಂದಿದ್ದಳು

ನನ್ನ ಪಿಟೀಲೇ,

ಒಂದೇ ಮನೆಯಲ್ಲಿ, ಎದುರು ಕೋಣೆಯಲ್ಲಿರುವವಳಿಗೆ ಕಾಗದ ಬರೆಯುವ ಗತಿ ಬಂತಲ್ಲ ನನಗೆ! ಬಾಯಲ್ಲಿ ಹೇಳಿದರೆ "ನಿಂಗೆ ಅರ್ಥ ಆಗಲ್ಲ ಅಜ್ಜಿ" ಅಂತ ಬಾಗಿಲು ಹಾಕಿಕೊಳ್ಳುತ್ತೀಯ. ಹುಟ್ಟಿದಾಗ ಮೂರು ಬೀದಿಗೆ ಕೇಳುವ ಹಾಗೆ ಕುಯ್ಯೋ ಅಂದವಳು ಅಂತ ನಿನಗೆ ಪಿಟೀಲು ಅಂತ ಹೆಸರಿಟ್ಟೆ. ಈಗ ನೋಡಿದರೆ ಒಂದು ವಾರದಿಂದ ತಂತಿ ಹರಿದ ಹಾಗೆ ಕೂತಿದ್ದೀಯ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ, ಸೊಟ್ಟಗಿದ್ದರೆ ನೀನೇ ನೆಟ್ಟಗೆ ಮಾಡಿಕೊಂಡು ಓದು.

ಮಧ್ಯಾಹ್ನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮಡಿಸಿದ ಬಟ್ಟೆಯನ್ನೇ ಮತ್ತೆ ಕೊಡವಿ ಮಡಿಸುತ್ತಿದ್ದೀನಿ.

ಮೊನ್ನೆ ಬೀನ್ಸ್ ಮುರಿಯುತ್ತಾ ನೀನೇ ಹೇಳಿದೆಯಲ್ಲ. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ರಕ್ತದ ಚೀಲ ಎಷ್ಟಿವೆ ಅನ್ನುವ ಸಂಖ್ಯೆ ಬರುವ ಜಾಗಕ್ಕೆ ಒಂದು ಟ್ಯಾಗ್ ಇಟ್ಟಿರುತ್ತಾರಂತೆ, ಪಂಕ್ತಿಯಲ್ಲಿ 'ಇದು ಅಣ್ಣನ ಜಾಗ' ಅಂತ ಚೀಟಿ ಇಟ್ಟ ಹಾಗೆ. ಯಾರಾದರೂ ಪುಟ ತೆರೆದಾಗ ಚೀಟಿ ಎತ್ತಿ ನಿಜವಾದ ಸಂಖ್ಯೆ ಕೂರಿಸುವುದು ವೆಬ್‌ಸೈಟಿನ ಕೆಲಸ. ಆ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನಿನ್ನದಲ್ಲವಾ, ಅದೇ ಪುಟದೊಳಗೆ ನೀನು ನಿನ್ನದೊಂದು ಕೋಡ್ ತೂರಿಸಿದೆ: ಸೊನ್ನೆ ಇದ್ದರೆ 'ಇಲ್ಲ' ಅನ್ನು, ಬೇರೆ ಏನಿದ್ದರೂ 'ಇದೆ' ಅನ್ನು. ಆದರೆ ಮೊದಲು ಯಾವುದು ಓಡಬೇಕು ಅನ್ನುವುದನ್ನು ಹಿಂದುಮುಂದು ಮಾಡಿಟ್ಟೆ. ಸಂಖ್ಯೆ ಬಂದು ಕೂರುವ ಮೊದಲೇ ನಿನ್ನ ಕೋಡ್ ಹೋಗಿ ಇಣುಕಿತು. ಕಂಡಿದ್ದು ಬರೀ ಚೀಟಿ. ಚೀಟಿ ಸೊನ್ನೆ ಅಲ್ಲವಲ್ಲ, 'ಇದೆ' ಅಂದುಬಿಟ್ಟಿತು.

ನೋಡು, ಅರ್ಥ ಆಗಿದೆ ನಂಗೆ.

ಆ ಪುಟ ನಂಬಿ ಯಾರೋ ಒಬ್ಬ ತನ್ನ ಹೆಂಡತಿಯನ್ನು ಆಪರೇಷನ್ನಿಗೆ ಕರೆತಂದ. ರಕ್ತ ಒಂದು ಚೀಲವೂ ಇರಲಿಲ್ಲ. ಪಾಪ, ಮೂರು ಆಸ್ಪತ್ರೆ ಅಲೆದ. ಅವಳು ಉಳಿದದ್ದು ಪುಣ್ಯ. ದಿನಾ ಸಂಖ್ಯೆ ತುಂಬುವವಳು ಗುಮಾಸ್ತೆ, ಹಾಗಾಗಿ ತಪ್ಪು ಅವಳದೇ ಅಂದರು ಆಸ್ಪತ್ರೆಯವರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ನಾಳೆ ಹತ್ತು ಗಂಟೆಗೆ ಅವಳನ್ನು ಕೆಲಸದಿಂದ ತೆಗೆಯುತ್ತಾರೆ.

ತಪ್ಪು ಮಾಡಿದ್ದಕ್ಕೆ ನಿನ್ನನ್ನು ಬೈಯಲ್ಲ. ಉಪ್ಪು ಹಾಕುವ ಮೊದಲೇ ರುಚಿ ನೋಡಿ ಸರಿಯಿದೆ ಅಂದ ಸೊಸೆ ನಾನೂ ಆಗಿದ್ದೆ. ಅವತ್ತೇ ಗುಟ್ಟಾಗಿ ಸರಿಮಾಡಿ, ಕಂಪ್ಯೂಟರ್ ಜೊತೆಗೆ ಬಾಯನ್ನೂ ಮುಚ್ಚಿಕೊಂಡೆಯಲ್ಲ, ಅದಕ್ಕೆ ಬೈತೀನಿ.

ಇವತ್ತು ಮಧ್ಯಾಹ್ನ ಆ ಗುಮಾಸ್ತೆ ಬಂದಿದ್ದಳು. ಬೆಲ್ ಕೇಳಿದ ಕೂಡಲೇ ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡೆ. "ಅಮ್ಮಾ, ನಾನು ಸೊನ್ನೆನೇ ಹಾಕಿದ್ದೆ. ಪುಟದಲ್ಲಿ ಬೇರೆ ಹೇಗೆ ಬಂತೋ ಗೊತ್ತಿಲ್ಲ. ನಿಮ್ಮ ಮೊಮ್ಮಗಳು ಜಾಣೆ, ಒಂದ್ಸಲ ನೋಡಿ ಹೇಳಲಿ" ಅಂದಳು. ನಾನು "ಅವಳು ಮನೇಲಿಲ್ಲ ಕಣಮ್ಮ" ಅಂದೆ. ಈ ವಯಸ್ಸಿಗೆ, ಹೊಸ್ತಿಲ ಮೇಲೆ ನಿಂತು! ಅವಳು ನಿನ್ನ ಚಪ್ಪಲಿ ನೋಡಿದಳು. ಒಳಗೆ ನೀರು ಸುರಿಯುವ ಸದ್ದೂ ಕೇಳಿರಬೇಕು. "ಬಂದ ಮೇಲೆ ಹೇಳಿಬಿಡಿ ಅಮ್ಮಾ" ಅಂದು ಮೆಟ್ಟಿಲಿಳಿದಳು. ಉಗಿದು ಹೋಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಎಪ್ಪತ್ತು ವರ್ಷದಲ್ಲಿ ನನ್ನ ನಾಲಿಗೆ ಬೇಕಾದಷ್ಟು ಜನಕ್ಕೆ ಚುಚ್ಚಿದೆ ಮಗಾ. ಆದರೆ ಯಾರ ಅನ್ನವನ್ನೂ ಕಿತ್ತಿರಲಿಲ್ಲ. ನಿನಗೋಸ್ಕರ ಅದನ್ನೂ ಮಾಡಿದೆ.

ಅದಕ್ಕೇ ಹೊರಟಿದ್ದೀನಿ. ಅವಳ ಮನೆ ಔಷಧಿ ಅಂಗಡಿಯ ಮೇಲಂತೆ, ಕೇಳಿಕೊಂಡು ಹೋಗುತ್ತೀನಿ. "ಮೊಮ್ಮಗಳು ಮನೇಲೇ ಇದ್ದಳು, ನಾನು ಸುಳ್ಳು ಹೇಳಿದೆ" ಅಂತ ಅಷ್ಟು ಹೇಳುತ್ತೀನಿ. ನಿನ್ನ ಕೋಡಿನ ಮಾತು ನಾನು ಎತ್ತಲ್ಲ, ಅದು ನಿನ್ನ ಬಾಯಿಂದಲೇ ಬರಬೇಕು. ಮೊಣಕಾಲು ನೋವು, ನಿಧಾನಕ್ಕೆ ನಡೆಯುತ್ತೀನಿ. ಬರುವುದಾದರೆ ದಾರಿಯಲ್ಲೇ ಸಿಗುತ್ತೀನಿ.

ನಾಳೆ ಹತ್ತು ಗಂಟೆಯ ಹೊತ್ತಿಗೆ ನಿನ್ನ ಗಂಟಲು ಗಟ್ಟಿಯಾಗಿರಲಿ ಅಂತ ಹರಸುವ,
ನಿನ್ನ ಅಜ್ಜಿ