ಹತ್ತಿ ಹೊಲದಲ್ಲಿ ಇಳಿದ ವಿಮಾನ

ಯರಗಟ್ಟಿ, ೧೯೭೬

ಅಪ್ಪಾ,

ನಿನ್ನೆ ಮಧ್ಯಾಹ್ನ ಯಾರದೋ ಪುಟ್ಟ ಖಾಸಗಿ ವಿಮಾನ ನಮ್ಮ ಹತ್ತಿ ಹೊಲದಲ್ಲಿ ಇಳಿಯಲು ಹೋಗಿ, ಬದುವಿಗೆ ಬಡಿದು ಮಗುಚಿತು. ಎಂಜಿನ್ ಕೆಟ್ಟಿತ್ತಂತೆ. ಬೆಂಕಿ ಹತ್ತೀತೆಂದು ಎಲ್ಲರೂ ದೂರ ನಿಂತರು. ಹತ್ತಿ ಬಿಡಿಸುತ್ತಿದ್ದ ಲಗಮವ್ವನೂ ನಾನೂ ಪೈಲಟನನ್ನು ಹೊರಗೆಳೆದೆವು. ನಿನ್ನ ವಯಸ್ಸಿನವರು, ಕಾಲು ಮುರಿದಿತ್ತು.

"ಬಿಟ್ಟು ಹೋಗಬ್ಯಾಡವಾ," ಎಂದು ಕೈ ಹಿಡಿದರು.

"ಇಲ್ಲೇ ಅದೀನ್ರಿ," ಎಂದೆ.

ಜೀಪು ಬರುವವರೆಗೆ ಎರಡು ತಾಸು ಸೆರಗಿನ ನೆರಳು ಹಿಡಿದು ಕುಳಿತೆ. ಆಸ್ಪತ್ರೆಗೂ ಜೊತೆಗೆ ಹೋದೆ. ನೀನು ಸಾಯುವ ಮುಂಚೆ ಬೆಳಗಾವಿಯಿಂದ ಮೂರು ಸಲ ಹೇಳಿ ಕಳಿಸಿದಾಗ ನಾನು ಬರಲಿಲ್ಲ. ನನ್ನ ಮದುವೆಗೆ ನೀನು ಬರಲಿಲ್ಲವೆಂಬ ಸಿಟ್ಟು.

ಪೈಲಟ್ ಬದುಕುತ್ತಾರಂತೆ. ಡಾಕ್ಟರು, "ನೀವು ಇವರ ಮಗಳೇನ್ರಿ?" ಎಂದು ಕೇಳಿದರು.

"ಹೌದ್ರಿ," ಎಂದುಬಿಟ್ಟೆ.

ಕರೆವ್ವ