ಗಂಡಸಿಗೇನಾಗಿರುತ್ತೆ?

ಮನೆ, ಮುಂದಿನ ಕೋಣೆ
ಜೂನ್ ೧೫, ಭಾನುವಾರ

ಪ್ರೀತಿಯ ಮಗನಿಗೆ,

ಕೋಪದಲ್ಲಿ ಬರೆಯುತ್ತಿದ್ದೇನೆ, ಆದರೂ ಆಶೀರ್ವಾದ ಮೊದಲು. ಹೇಗಿದ್ದೀಯ? ಸೋದರಮಾವನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಹೊಸ ಜಾಗದಲ್ಲಿ ನಿನಗೆ ನಿದ್ದೆ ಹತ್ತುವುದಿಲ್ಲ. ಚಿಕ್ಕವನಿದ್ದಾಗ ದಿಂಬು ಬದಲಾದರೂ ಬೆಳಗಿನವರೆಗೆ ಹೊರಳಾಡುತ್ತಿದ್ದೆ. ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ ಅಂತ ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋಗಿ ಊರವರ ಕಣ್ಣಿಗೆಲ್ಲ ಗಾಜು ಕೂರಿಸುತ್ತಾಳೆ, ಸಂಜೆ ಬಂದು ತನ್ನ ಕಣ್ಣು ಕೆಂಪು ಮಾಡಿಕೊಂಡು ಕೂರುತ್ತಾಳೆ. ನಾವಿಬ್ಬರೂ ಫೋನ್ ಮಾಡಿ ಸೋತೆವು. ಅದಕ್ಕೇ ಈ ಕಾಗದ. ಫೋನಿನ ಹಾಗೆ ಇದರ ಬಾಯಿ ಮುಚ್ಚಿಸಲು ಬರುವುದಿಲ್ಲ. ಹರಿದು ಹಾಕಬಹುದು, ಹರಿಯುವ ಮೊದಲು ಪೂರ್ತಿ ಓದು. ನಿನ್ನ ಮಾವ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು, ಗಟ್ಟಿಯಾಗಿ ಓದು. ನನ್ನ ಒಡಹುಟ್ಟಿದ ಅಣ್ಣನಾದರೂ ಇಲ್ಲಿರುವ ಬೈಗುಳದಲ್ಲಿ ಅವನಿಗೂ ಪಾಲಿದೆ.

ನಿನ್ನ ಮದುವೆಯಾಗಿ ಐದು ವರ್ಷವಾಯಿತು. ಅದರಲ್ಲಿ ಮೂರು ವರ್ಷ ಆ ಹುಡುಗಿ ಆಸ್ಪತ್ರೆ ಅಲೆದಿದ್ದಾಳೆ. ಜೊತೆಗೆ ಹೋದವಳು ನಾನು, ಆದ್ದರಿಂದ ನನಗೆ ಯಾರ ಸಾಕ್ಷಿಯೂ ಬೇಕಿಲ್ಲ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಗರ್ಭನಾಳ ತೆರೆದಿದೆಯೋ ಮುಚ್ಚಿದೆಯೋ ನೋಡಬೇಕು ಅಂತ ಒಳಗೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದ ದಿನ, ಹೊರಗೆ ಬಂದವಳು ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತಳು. ಮಾತ್ರೆ ನುಂಗಿ ನುಂಗಿ ಮುಖ ಊದಿಸಿಕೊಂಡಳು. ಕೊನೆಗೆ ಹೊಟ್ಟೆಗೆ ತೂತು ಹಾಕಿ, ಕ್ಯಾಮೆರಾ ಇಳಿಸಿ ನೋಡಿ, ಎಲ್ಲವೂ ಸರಿಯಾಗಿದೆ ಅಂದರು. ಆವತ್ತು ಸಂಜೆ ಜಿಮ್ಮಿನಿಂದ ಬಂದ ನೀನು, ಹೊಲಿಗೆ ಹಾಕಿಸಿಕೊಂಡು ಮಲಗಿದ್ದವಳ ತಲೆದೆಸೆಯಲ್ಲಿ ನಿಂತು ಕೇಳಿದ್ದೇನು, ನೆನಪಿದೆಯೆ? “ಎಲ್ಲಾ ಸರಿ ಇದ್ರೆ ಮತ್ತೆ ಇವಳಿಗೇನು ರೋಗ?”

ಪ್ರತಿಯೊಬ್ಬ ಡಾಕ್ಟರೂ ಮೊದಲು ಕೇಳಿದ್ದು ಒಂದೇ ಮಾತು, “ಯಜಮಾನ್ರ ಟೆಸ್ಟ್ ಆಗಿದೆಯಾ?” ಅಂತ. ಗಂಡಸಿನ ಪರೀಕ್ಷೆಯಷ್ಟು ಸುಲಭದ್ದು ಇನ್ನೊಂದಿಲ್ಲ. ಸೂಜಿ ಇಲ್ಲ, ಕತ್ತರಿ ಇಲ್ಲ. ಒಂದು ಪುಟ್ಟ ಡಬ್ಬಿ, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ. ಅಷ್ಟಕ್ಕೆ ನಿನ್ನ ಗೌರವ ಅಡ್ಡ ಬಂತು. ನಾನು ಹೇಳಿದಾಗಲೆಲ್ಲ ತೋಳು ಮಡಚಿ ತೋರಿಸಿ, “ಇದನ್ನ ನೋಡಿದ್ರೆ ಟೆಸ್ಟ್ ಬೇಕು ಅನ್ಸುತ್ತಾಮ್ಮಾ?” ಅಂತ ನಗುತ್ತಿದ್ದೆ. ನಿನ್ನ ಮಾವ ಇದ್ದರೆ ತಾಳ ಹಾಕುತ್ತಿದ್ದ: “ಗಂಡಸಿಗೇನಾಗಿರುತ್ತೆ? ಅದೆಲ್ಲ ಹೆಂಗಸರ ಕಡೆಯ ತಾಪತ್ರಯ.” ನಿನ್ನಪ್ಪ ತೀರಿಕೊಂಡ ಮೇಲೆ ಈ ಮನೆಗೆ ತಾನೇ ಹಿರಿಯ ಅಂತ ಅವನು ಅಂದುಕೊಂಡಿದ್ದಾನೆ. ಹಳೇ ಬೈಕು ಕೊಂಡು ಬಣ್ಣ ಬಳಿದು ಮಾರುವವನಿಗೆ, ಮೇಲಿನ ಬಣ್ಣ ನೋಡಿ ಇಂಜಿನ್ ಹೇಳಬಾರದು ಅನ್ನುವುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು.

ಹೊಸ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರಿಂದಲೇ ನೀನು ಬಂದದ್ದು. “ಗಂಡನ ಪರೀಕ್ಷೆ ಆಗದೆ ನಾನು ಈ ಹುಡುಗಿಗೆ ಇನ್ನೊಂದು ಸೂಜಿನೂ ಚುಚ್ಚಲ್ಲ” ಅಂದರು. ಮೊದಲನೇ ಸಲ ವೀರ್ಯಾಣು ಒಂದೂ ಕಾಣಲಿಲ್ಲ. ಒಂದೇ ಸಲಕ್ಕೆ ತೀರ್ಮಾನ ಮಾಡಬಾರದು ಅಂತ ಅವರೇ ಇನ್ನೊಮ್ಮೆ ಮಾಡಿಸಿದರು, ಆಗಲೂ ಇಲ್ಲ. ನಾವು ಮೂವರೂ ಅವರ ಮೇಜಿನ ಮುಂದೆ ಕೂತಿದ್ದೆವು. ಕಿಟಕಿಯ ಹೊರಗೆ ಯಾರೋ ನೀರಿನ ಟ್ಯಾಂಕು ತೊಳೆಯುತ್ತಿದ್ದರು, ಆ ಸದ್ದಿನಲ್ಲಿ ಅವರು ಸ್ವಲ್ಪ ಗಟ್ಟಿಯಾಗಿಯೇ ಕೇಳಬೇಕಾಯಿತು: “ಮೈ ಬೆಳೆಸೋಕೆ ಇಂಜೆಕ್ಷನ್ ಏನಾದ್ರೂ ತಗೊಳ್ತೀರಾ?” ನೀನು ಇಲ್ಲ ಅಂದೆ. ಮೂವತ್ತು ವರ್ಷ ರೈಲ್ವೆ ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದವಳು ನಾನು, ಸುಳ್ಳು ಹೇಳುವ ಮುಖ ನನಗೆ ಹೊಸದಲ್ಲ. ನಿನ್ನ ಹೆಂಡತಿ ನಿನ್ನನ್ನು ನೋಡಿದಳು, ನೀನಾಗಿ ಹೇಳಲಿ ಅಂತ ಕಾದಳು. ಆಮೇಲೆ ಅವಳೇ ಮೆಲ್ಲಗೆ, “ಬೀರು ಮೇಲೆ ಶೂ ಡಬ್ಬಿಲಿ ಇಟ್ಟಿದ್ದಾರೆ. ವಿಟಮಿನ್ ಅಂತ ಹೇಳಿದ್ರು ನನಗೆ” ಅಂದಳು.

ಡಾಕ್ಟರಮ್ಮ ನಿನ್ನನ್ನು ಬೈಯಲಿಲ್ಲ, ನಗಲಿಲ್ಲ. “ಗಂಡಸಿನ ಹಾರ್ಮೋನ್ ಹೊರಗಿಂದ ಬರ್ತಾ ಇದ್ರೆ, ಸಾಕಷ್ಟಿದೆಯಲ್ಲ ಅಂತ ಮೆದುಳು ಒಳಗಿನ ಕೆಲಸ ನಿಲ್ಲಿಸಿಬಿಡುತ್ತೆ. ತೋಳು ದಪ್ಪ ಆಗುತ್ತೆ, ವೀರ್ಯಾಣು ಹುಟ್ಟೋದು ನಿಲ್ಲುತ್ತೆ. ತುಂಬಾ ಜನಕ್ಕೆ ಮತ್ತೆ ಬರುತ್ತೆ, ಆದ್ರೆ ತಿಂಗಳುಗಟ್ಟಲೆ ಕಾಯಬೇಕು, ಕೆಲವರಿಗೆ ವರ್ಷ ದಾಟುತ್ತೆ. ಎಲ್ಲರಿಗೂ ಬಂದೇ ಬರುತ್ತೆ ಅಂತ ಮಾತು ಕೊಡಲಾರೆ” ಅಂತ ನಿಧಾನವಾಗಿ ಹೇಳಿದರು. ಇನ್ನೂ ಏನೋ ಹೇಳುವುದರಲ್ಲಿದ್ದರು. ನೀನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಬೈಕ್ ಹತ್ತಿ ಹೋದೆ. ನಾವು ಬಸ್ಸಿನಲ್ಲಿ ಮನೆ ಸೇರುವ ಹೊತ್ತಿಗೆ ನಿನ್ನ ಚೀಲ ತಯಾರಾಗಿತ್ತು. “ಪರಕೀಯಳ ಮುಂದೆ ನನ್ನ ಮಾನ ಕಳೆದೆ” ಅಂತ ಅವಳ ಮೇಲೆ ಕೂಗಾಡಿ ಮಾವನ ಮನೆಗೆ ಹೊರಟೆ. ನಿನ್ನ ಮಾನ! ಮೂರು ವರ್ಷ ಎಷ್ಟು ಜನ ಪರಕೀಯರ ಮುಂದೆ ಅವಳು ಪರೀಕ್ಷೆಗೆ ಅಂತ ಮಲಗಿ ಎದ್ದು ಬಂದಳೋ, ಅದು ಯಾರ ಮಾನವಾಗಿತ್ತು?

ನೀನು ಹೋದ ಮೇಲೆ ನಾನೊಬ್ಬಳೇ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ನಿನ್ನ ಮಾವ ಫೋನಿನಲ್ಲಿ ಉದುರಿಸಿದ ಆಣಿಮುತ್ತುಗಳನ್ನೆಲ್ಲ ಅವರ ಮೇಜಿನ ಮೇಲೆ ಸುರಿದೆ. ರಾತ್ರಿ ಹೆಂಡತಿಯ ಜೊತೆ ಚೆನ್ನಾಗಿರುವವನಿಗೆ ಮಕ್ಕಳಾಗದೆ ಇರುತ್ತದೆಯೆ ಅಂತ ಕೇಳಿದೆ. (ನಾಚಿಕೆ ಗೀಚಿಕೆ ಎಲ್ಲ ಮನೆಯಲ್ಲೇ ಬಿಟ್ಟು ಹೋಗಿದ್ದೆ.) “ಅದೇ ಬೇರೆ, ಇದೇ ಬೇರೆ ಅಮ್ಮಾ” ಅಂದರು. ಹಾಸಿಗೆಯ ಶಕ್ತಿ, ಗಡ್ಡ ಮೀಸೆ, ಬಣ್ಣ, ಗಟ್ಟಿ, ತೆಳು, ಯಾವುದನ್ನು ನೋಡಿಯೂ ಒಳಗೆ ಎಷ್ಟಿದೆ ಅಂತ ಹೇಳಲು ಬರುವುದಿಲ್ಲವಂತೆ, ಸೂಕ್ಷ್ಮದರ್ಶಕವೇ ಬೇಕಂತೆ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದಂತೆ. ಗಂಡಸಿಗೆ ವಯಸ್ಸಿನ ಲೆಕ್ಕವೇ ಇಲ್ಲ ಅನ್ನುವುದೂ ಸುಳ್ಳು. ವಯಸ್ಸಾದಂತೆ ಅವನದ್ದೂ ಕುಂದುತ್ತದೆ. ಸಿಗರೇಟು ಕೆಡಿಸುತ್ತದೆ, ಅತಿಯಾದ ಬಿಸಿ ಕೆಡಿಸುತ್ತದೆ. ಹಸಿ ಮೊಟ್ಟೆ ಕುಡಿದು, ಯಾವುದೋ ಪುಡಿ ನೆಕ್ಕಿ ರಾತ್ರೋರಾತ್ರಿ ಸರಿಮಾಡಿಕೊಳ್ಳುವುದು ಆಗದ ಮಾತು; ಹೊಸ ವೀರ್ಯಾಣು ತಯಾರಾಗಲು ಹತ್ತಿರ ಹತ್ತಿರ ಮೂರು ತಿಂಗಳು ಬೇಕಂತೆ. ಅಷ್ಟಾದ ಮೇಲೆ ಅವರೇ ನಕ್ಕು, “ನಿಮ್ಮ ಅಣ್ಣನವರನ್ನೂ ಒಂದಿನ ಕರ್ಕೊಂಡು ಬನ್ನಿ” ಅಂದರು. ಅವನನ್ನು ಕರೆತರಲು ಎತ್ತಿನ ಬಂಡಿಯೇ ಬೇಕು ಅಂದೆ.

ಕರೆಯಬೇಕಾಗಲಿಲ್ಲ. ಗುರುವಾರ ತಾನೇ ಬಂದ. ಬಂದವನು ಕುರ್ಚಿಯಲ್ಲಿ ಕಾಲು ಚಾಚಿ, ಸೊಸೆ ಟೀ ತರುವುದು ಕಣ್ಣಿಗೆ ಬೀಳುತ್ತಿದ್ದರೂ, “ನೋಡು ತಂಗೀ, ಗಾಡಿ ಸ್ಟಾರ್ಟೇ ಆಗ್ತಿಲ್ಲ ಅಂದ್ರೆ ಎಷ್ಟು ದಿನ ಅಂತ ಒದೀತಾ ಕೂರ್ತೀಯ? ಬೇರೆ ಗಾಡಿ ನೋಡಿದ್ದೀನಿ. ಒಳ್ಳೇ ಮನೆತನ. ಹುಡುಗಿ ಚಿಕ್ಕವಳು” ಅಂದ. ನಿನ್ನ ಹೆಂಡತಿ ಟೀ ಲೋಟ ಅವನ ಮುಂದೆ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, “ದೊಡ್ಡಪ್ಪಾ, ಪೆಟ್ರೋಲ್ ಹಾಕದೆ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ತಪ್ಪು ಗಾಡಿದಾ?” ಅಂತ ಕೇಳಿದಳು. ಅವನ ಮುಖ ನೀನು ನೋಡಬೇಕಿತ್ತು. ನನಗೆ ಅಷ್ಟು ಸಂಕಟದಲ್ಲೂ ನಗು ತಡೆಯಲಾಗಲಿಲ್ಲ. “ದೊಡ್ಡವರ ಮುಂದೆ ಎಂಥ ಮಾತು!” ಅಂತ ಅವನು ಎಗರಾಡಿದ. ಆ ಹುಡುಗಿಯ ಮನೆಯವರಿಗೆ ಏನು ಹೇಳಿದ್ದೀಯ ಅಂತ ಕೇಳಿದೆ. ಇವಳು ಬಂಜೆ ಅಂತ ಹೇಳಿದ್ದಾನೆ. ಇಂಜೆಕ್ಷನ್ ವಿಷಯ ಹೇಳಿದ್ದೀಯ ಅಂದರೆ, “ಅದೆಲ್ಲ ಯಾಕೆ ಬಾಯಿ ಬಿಡ್ಬೇಕು? ನಿನ್ನ ಮಗನೂ ಹೂಂ ಅಂದಿದ್ದಾನೆ” ಅಂದ.

ನೀನು ಹೂಂ ಅಂದೆಯಾ? ಅವನ ಮಾತನ್ನು ನಾನು ನಂಬಲಿಲ್ಲ ಅಂತ ಬರೆಯಬೇಕು ಅನ್ನಿಸುತ್ತದೆ, ಆದರೆ ಕೈ ಬರುತ್ತಿಲ್ಲ. ನಿನ್ನ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಆ ಟೀ ಲೋಟ ಎತ್ತಿ ಬಚ್ಚಲಿಗೆ ಸುರಿದು, “ಎದ್ದು ನಡಿ. ಈ ಮನೆಗೆ ಹಿರಿಯಳು ನಾನು” ಅಂದೆ. ಹುಟ್ಟಿದಾಗಿನಿಂದ ನನ್ನಣ್ಣನಿಗೆ ಎದುರಾಡದವಳು, ಗೇಟಿನ ತನಕ ಹೋಗಿ ಚಿಲಕ ಹಾಕಿ ಬಂದೆ. ಮಾತಾಡು ಅಂತ ಆ ಹುಡುಗಿಯ ತಾಯಿಯ ನಂಬರು ಅವನೇ ಕೊಟ್ಟಿದ್ದ. ಮಾತಾಡಿದೆ. ನನ್ನ ಸೊಸೆಗೆ ಏನೂ ಆಗಿಲ್ಲ, ನನ್ನ ಮಗನಿಗೆ ಚಿಕಿತ್ಸೆ ಬೇಕು, ಅವನಿಗೆ ಹೆಂಡತಿ ಇದ್ದಾಳೆ, ಅಷ್ಟೇ ಹೇಳಿದೆ. ಆಕೆ, “ನೀವು ಹೇಳದೆ ಇದ್ದಿದ್ರೆ ಇನ್ನೆರಡು ವರ್ಷಕ್ಕೆ ನನ್ನ ಮಗಳೂ ಆಸ್ಪತ್ರೆ ಬೆಂಚಿನ ಮೇಲೆ ಕೂತಿರ್ತಿದ್ಲು” ಅಂದಳು.

ಕೇಳು. ಪರೀಕ್ಷೆಯಲ್ಲಿ ಸೊನ್ನೆ ಬಂದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಅದು ಮೈಯ ಸಂಗತಿ, ಯಾರಿಗೂ ಆಗಬಹುದು. ಶಾಲೆಯಲ್ಲಿ ನಿನ್ನನ್ನು ಕಡ್ಡಿ ಕಡ್ಡಿ ಅಂತ ಗೇಲಿ ಮಾಡುತ್ತಿದ್ದರು. ಮೈ ತುಂಬಿಕೊಳ್ಳಬೇಕು ಅನ್ನುವ ಹಟ ಎಲ್ಲಿಂದ ಬಂತು ಅಂತ ಹೆತ್ತವಳಿಗೆ ಗೊತ್ತಾಗುತ್ತದೆ. ಆ ಹಟಕ್ಕೂ ಬೈಯುವುದಿಲ್ಲ. ಗೊತ್ತಾದ ಮೇಲೂ ನಿನ್ನ ಹೆಂಡತಿಯ ತಲೆಯ ಮೇಲೆ ಬಂಜೆ ಅನ್ನುವ ಮಾತು ಕೂತಿರಲಿ ಅಂತ ಬಿಟ್ಟು ಓಡಿದೆಯಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ. ಇನ್ನೂರು ಕಿಲೋ ಎತ್ತುತ್ತೀಯಂತೆ. “ತೊಂದರೆ ನನ್ನದು” ಅನ್ನುವ ಎರಡು ಪದ ಎತ್ತಲಾಗಲಿಲ್ಲ ನಿನಗೆ.

ನಿನ್ನ ಅತ್ತೆಗೆ ನನ್ನ ನೆನಪು ಹೇಳು, ಪಾಪ, ಅವಳೊಬ್ಬಳು ಒಳ್ಳೆಯವಳು. ಮಾವನಿಗೆ ಹೇಳುವುದನ್ನೆಲ್ಲ ಮೇಲೆಯೇ ಹೇಳಿದ್ದೇನೆ. ದೇವರು ನಿನಗೆ ಆರೋಗ್ಯ ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ಇಂತಿ,
ನಿನ್ನ ಅಮ್ಮ

ತಾ.ಕ. ಲಕೋಟೆಗೆ ಅಂಟು ಹಚ್ಚುವಾಗ ನಿನ್ನ ಅತ್ತೆಯ ಫೋನ್ ಬಂತು, ಮಾವನಿಗೆ ತಿಳಿಯದ ಹಾಗೆ ಹಿತ್ತಲಿನಿಂದ ಮಾಡಿದ್ದಳು. ಇಂಜೆಕ್ಷನ್ ಬಿಟ್ಟಿದ್ದೀಯಂತೆ, ಗೋಡೆ ಕಡೆ ಮುಖ ಮಾಡಿ ಮಲಗಿರುತ್ತೀಯಂತೆ, ಊಟ ಮುಟ್ಟುವುದಿಲ್ಲ, ಬದುಕಿ ಏನು ಮಾಡಲಿ ಅಂದೆಯಂತೆ. ಡಾಕ್ಟರಮ್ಮನಿಗೆ ಕೂಡಲೇ ಫೋನ್ ಮಾಡಿದೆ. ಅದನ್ನು ತಟ್ಟನೆ ಬಿಟ್ಟರೆ ಮೈ ತನ್ನದನ್ನು ತಯಾರಿಸಲು ಶುರುಮಾಡುವ ತನಕ ಮನಸ್ಸು ಹೀಗೆ ಕುಸಿಯುವುದುಂಟಂತೆ, ಅದಕ್ಕೂ ಚಿಕಿತ್ಸೆ ಇದೆಯಂತೆ, ಒಬ್ಬನನ್ನೇ ಬಿಡಬೇಡಿ, ನಾಳೆ ಬೆಳಿಗ್ಗೆಯೇ ಕರೆತನ್ನಿ ಅಂದರು. ನಿನ್ನತ್ತೆ ಅಲ್ಲಿಯ ತನಕ ನಿನ್ನ ಕೋಣೆ ಬಿಟ್ಟು ಕದಲುವುದಿಲ್ಲ ಅಂದಿದ್ದಾಳೆ. ನಾನು ಹೊರಡುತ್ತೇನೆ ಅಂದರೆ ನಿನ್ನ ಹೆಂಡತಿ, “ಮಂಡಿ ನೋವಲ್ಲಿ ಬಸ್ ಹತ್ತಬೇಡಿ, ನಾನು ಹೋಗ್ತೀನಿ. ಕರ್ಕೊಂಡು ಹೋಗೋದು ಡಾಕ್ಟರ್ ಹತ್ರಕ್ಕೆ. ನಮ್ಮಿಬ್ಬರ ವಿಷಯ ಆಮೇಲೆ, ನಾನು ಇನ್ನೂ ಏನೂ ಮರೆತಿಲ್ಲ” ಅಂದು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾಳೆ. ಇದನ್ನು ಅಂಚೆಗೆ ಹಾಕುತ್ತಿಲ್ಲ, ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ಈ ಹಾಳೆಯನ್ನು ಮೊದಲು ನಿನ್ನ ಕೋಣೆಯ ಬಾಗಿಲ ಸಂದಿಯಲ್ಲಿ ತೂರಿಸು ಅಂತ ಅವಳಿಗೆ ಹೇಳಿದ್ದೇನೆ, ಓದಿ ಬಾಗಿಲು ನೀನೇ ತೆಗಿ. ಅವಳನ್ನು ಕೂರಿಸಿ ನೀರು ಕೊಡು, ತೊಂದರೆ ನನ್ನದು ಅಂತ ಹೇಳು. ಬೈಗುಳವನ್ನು ಬಸ್ಸಿನಲ್ಲಿ ಓದಿಕೊಳ್ಳುವೆಯಂತೆ.